ಬಿಡುವಿನ ವೇಳೆಗೆ ಅಕ್ಷರದಾಟ

ಪರಸ್ಥಳದಲ್ಲಿ ದುಡಿಯುವ ಕನ್ನಡಿಗನು ದಿನವಿಡೀ ತಾನಾಡುವ ಕನ್ನಡ ಮಾತುಗಳನ್ನು ಒಮ್ಮೆ ಎಣಿಸಿ ನೋಡಬೇಕು. ಗಿರಾಕಿಯೊಡನೆ ಹಿಂದಿ, ತರಕಾರಿಯವನೊಡನೆ ಮರಾಠಿ, ಕಚೇರಿಯ ಕಡತದಲ್ಲಿ ಇಂಗ್ಲಿಷು. ಕನ್ನಡಕ್ಕೆ ಉಳಿಯುವುದು ತಿಂಡಿಗಳ ಹೆಸರು ಮತ್ತು ಊರಿಗೆ ಮಾಡುವ ಫೋನಿನ ನಾಲ್ಕು ಮಾತು. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡಿ, ಶಾಲೆಯಲ್ಲಿ ಕನ್ನಡ ಕಲಿತು ಬಂದವರಿಗಂತೂ ಅದೂ ಉಳಿಯುವುದು ದುಸ್ತರ. ಬಳಸದ ತಾಮ್ರದ ಪಾತ್ರೆಗೆ ಕಿಲುಬು ಹಿಡಿಯುವಂತೆ ಬಳಸದ ನುಡಿಗೂ ಹಿಡಿಯುತ್ತದೆ. ಅದನ್ನು ಬೆಳಗಲು ವರ್ಷಕ್ಕೊಮ್ಮೆ ಕೇಳುವ ರಾಜ್ಯೋತ್ಸವದ ಭಾಷಣವು ಸಾಲದು. ಬಿಡಿಕಾಸಿನ ಖರ್ಚಿಲ್ಲದ ಉಪಾಯವೊಂದುಂಟು: ರಾತ್ರಿ ಹೋಟೆಲಿನ ಬಾಗಿಲು ಹಾಕಿದ ಬಳಿಕ, ಅಥವಾ ಲೋಕಲ್ ರೈಲಿನಲ್ಲಿ, ನಾಲ್ವರು ಸೇರಿ ಆಡುವ ಮಾತಿನಾಟ. ವಾಚಕರ ಉಪಯೋಗಕ್ಕೆಂದು ಅಂಥ ನಾಲ್ಕನ್ನು ಇಲ್ಲಿ ಕೊಟ್ಟಿದೆ.

ಮೊದಲನೆಯದು ಹಿಂದುಮುಂದಿನ ಆಟ. ಕನ್ನಡದಲ್ಲಿ ಸ್ವರವು ವ್ಯಂಜನದೊಡನೆ ಕೂಡಿ ಒಂದೇ ಅಕ್ಷರವಾಗುವುದರಿಂದ ಪದವನ್ನು ತಿರುಗಿಸಲು ಕಾಗದ ಬೇಕಿಲ್ಲ, ಕಿವಿ ಸಾಕು. ನದಿಯನ್ನು ತಿರುಗಿಸಿದರೆ ದಿನ; ಕಪಿಯನ್ನು ತಿರುಗಿಸಿದರೆ ಪಿಕ, ಅಂದರೆ ಕೋಗಿಲೆ! ಎತ್ತಣಿಂದ ಓದಿದರೂ ಒಂದೇ ಆಗುವ ಪದಗಳು ಇನ್ನೂ ಸೊಗಸು: ಕನಕ, ನಯನ, ಕಿಟಕಿ, ನವಜೀವನ. ತೆನಾಲಿ ರಾಮಕೃಷ್ಣನ ಕತೆಗಳಲ್ಲಿ ಬರುವ 'ವಿಕಟಕವಿ' ಎಂಬ ಹೆಸರೂ ಇದೇ ಜಾತಿಯದು. ಊರುಗಳಲ್ಲಿ ಗದಗ, ನಮ್ಮ ತಟ್ಟೆಯಲ್ಲಿ ಸಮೋಸ. ಐದು ನಿಮಿಷದಲ್ಲಿ ಹೊಸದಾಗಿ ಮೂರು ಪದಗಳನ್ನು ಹುಡುಕಿದವನೇ ಗೆದ್ದವನು.

ಎರಡನೆಯದು ಅಕ್ಷರ ಕಳೆಯುವ ಆಟ. ಅವಲಕ್ಕಿಯ ನಡುವಣ ಎರಡಕ್ಷರಗಳನ್ನು ತೆಗೆದರೆ ಅಕ್ಕಿ ಸಿಗುತ್ತದೆ; ಕುಟ್ಟಿದ್ದನ್ನು ಮರಳಿ ಪಡೆದಂತೆಯೇ ಸರಿ. ಇದು ಹೊಸಬರಿಗಾಯಿತು. ಪಳಗಿದವರಿಗೆ ಇನ್ನೊಂದು ಒಗಟು: ಮೂರಕ್ಷರದ ಪದ, ತಲೆ ತೆಗೆದರೆ ವಿಷ, ನಡು ತೆಗೆದರೆ ಮನುಷ್ಯ, ಕಡೆಯದನ್ನು ತೆಗೆದರೆ ಒಡವೆ. ಯಾವುದದು? ಉತ್ತರವು ಲೇಖನದ ಕೊನೆಯಲ್ಲಿದೆ. ಅವಸರಪಟ್ಟು ನೋಡಬಾರದಾಗಿ ವಿನಂತಿ.

ಮೂರನೆಯದು ತುಟಿ ತಾಗಿಸದೆ ಮಾತಾಡುವ ಆಟ. ಸುಮಾರು 1,300 ವರ್ಷಗಳ ಹಿಂದೆ ಕಂಚಿಯಲ್ಲಿದ್ದ ದಂಡಿಯು ತನ್ನ 'ದಶಕುಮಾರಚರಿತ'ದಲ್ಲಿ ಇದನ್ನು ಮಾಡಿ ತೋರಿಸಿದ್ದಾನೆ. ಪ್ರಿಯತಮೆಯು ಕಚ್ಚಿದ್ದರಿಂದ ತುಟಿ ನೊಂದಿದ್ದ ಮಂತ್ರಗುಪ್ತನೆಂಬ ಕುಮಾರನು ತನ್ನ ಕತೆಯನ್ನೆಲ್ಲ ಓಷ್ಠ್ಯಾಕ್ಷರಗಳಿಲ್ಲದೆಯೇ ಹೇಳಿ ಮುಗಿಸುತ್ತಾನೆ. ನಾವು ಪ, ಫ, ಬ, ಭ, ಮ ಈ ಐದನ್ನು ಮಾತ್ರ ನಿಷೇಧಿಸಿ, ಒಬ್ಬನನ್ನು ಗಿರಾಕಿಯಾಗಿ ಕೂರಿಸೋಣ. ಅವನು ಇಡ್ಲಿ, ದೋಸೆ, ಚಟ್ನಿ, ಚಹ ಎಲ್ಲವನ್ನೂ ಕೇಳಬಲ್ಲನು. ಆದರೆ ಕಾಫಿ, ಉಪ್ಪಿಟ್ಟು, ಸಾಂಬಾರು, ಮಜ್ಜಿಗೆ ಎಂದನೋ, ಸೋತನು. ತಿಂದು ಮುಗಿಸಿದ ಮೇಲೆ 'ಬಿಲ್ಲು' ಎನ್ನುವಂತಿಲ್ಲ, 'ರೂಪಾಯಿ' ಎನ್ನುವಂತೆಯೂ ಇಲ್ಲ. ಆದ್ದರಿಂದ ಈ ಆಟದಲ್ಲಿ ನಷ್ಟವೆಲ್ಲ ಗಲ್ಲಾದಲ್ಲಿ ಕುಳಿತವನದು! ಅಮ್ಮ, ಅಪ್ಪ, ಮನೆ ಎಂಬ ಮಾತುಗಳೂ ಎರಡು ತುಟಿ ಕೂಡದೆ ಬರಲಾರವೆಂಬುದು ಆಡುವಾಗಲೇ ಅರಿವಿಗೆ ಬರುತ್ತದೆ.

ನಾಲ್ಕನೆಯದು ಊರುಗಳ ಸರಪಣಿ. ಒಬ್ಬನು ಹೇಳಿದ ಊರಿನ ಕೊನೆಯ ವ್ಯಂಜನದಿಂದ ಮತ್ತೊಬ್ಬನು ಬೇರೊಂದು ಊರನ್ನು ಹೇಳಬೇಕು. ಮಂಗಳೂರು, ಮೈಸೂರು, ಪುತ್ತೂರುಗಳನ್ನು ಬಿಟ್ಟರೆ ಎಲ್ಲರೂ ರಕಾರದಲ್ಲೇ ಸಿಲುಕುವುದರಿಂದ, 'ಊರು' ಎಂದು ಮುಗಿಯುವ ಹೆಸರುಗಳಿಗೆ ಪ್ರವೇಶವಿಲ್ಲ. ಒಬ್ಬನು ಕುಂದಾಪುರ ಎನ್ನಲು, ಎರಡನೆಯವನು ರಾಮದುರ್ಗ ಎನ್ನುತ್ತಾನೆ. ಮೂರನೆಯವನು ಗೋಕಾಕ ಎನ್ನಲು, ನಾಲ್ಕನೆಯವನು ಕಾರ್ಕಳ ಎಂದು ಆಟವನ್ನೇ ಮುಗಿಸುತ್ತಾನೆ. ಏಕೆಂದರೆ ಳಕಾರದಿಂದಾಗಲಿ ಣಕಾರದಿಂದಾಗಲಿ ಆರಂಭವಾಗುವ ಕನ್ನಡ ಪದವೇ ಇಲ್ಲ. ಕರಾವಳಿಯವನಿಗೆ ಬಯಲುಸೀಮೆಯ ಊರುಗಳೂ, ಬಯಲುಸೀಮೆಯವನಿಗೆ ಕರಾವಳಿಯ ಊರುಗಳೂ ಪರಿಚಯವಾಗುವುದು ಈ ಆಟದ ಬಡ್ಡಿ.

ಈ ಆಟಗಳಲ್ಲಿ ಹೆಚ್ಚು ಓದಿದವನೇ ಗೆಲ್ಲುವನೆಂಬ ಭರವಸೆಯಿಲ್ಲ. ಪದವೀಧರ ಗುಮಾಸ್ತನು ತಲೆ ತುರಿಸಿಕೊಳ್ಳುತ್ತಿರುವಾಗ, ತಟ್ಟೆ ತೊಳೆಯುವ ಹುಡುಗನು ಥಟ್ಟನೆ ಉತ್ತರ ಹೇಳುವುದುಂಟು. ಇಲ್ಲಿ ಬೇಕಾದುದು ಕಿವಿಯ ಚುರುಕೇ ಹೊರತು ಸರ್ಟಿಫಿಕೇಟಲ್ಲ. ವಿಧಿಪೂರ್ವಕವಾಗಿ ಓದದಿದ್ದರೂ ಕನ್ನಡ ಜನರು ಕಾವ್ಯದ ನುಡಿಯಲ್ಲಿ ಪರಿಣತರೆಂದು, ನೃಪತುಂಗನ ಆಸ್ಥಾನದಲ್ಲಿದ್ದ ಶ್ರೀವಿಜಯನು ಸುಮಾರು 850ರ 'ಕವಿರಾಜಮಾರ್ಗ'ದಲ್ಲೇ ಹೊಗಳಿದ್ದಾನಲ್ಲವೆ! ಆದಕಾರಣ ಆಟದ ಮೊದಲ ನಿಯಮ ಇದಾಗಿರಲಿ: ಕುಂದಾಪುರದವನ ಉಚ್ಚಾರವನ್ನು ಧಾರವಾಡದವನು ಹಳಿಯಬಾರದು, ಧಾರವಾಡದವನನ್ನು ಮೈಸೂರಿನವನು ಅಣಕಿಸಬಾರದು. ಒಮ್ಮೆ ನಕ್ಕು ಬಾಯಿ ಮುಚ್ಚಿಸಿದರೆ ಆ ಹುಡುಗನು ಮತ್ತೆ ಕನ್ನಡದಲ್ಲಿ ಬಾಯಿ ತೆರೆಯಲಿಕ್ಕಿಲ್ಲ.

ಸಂಸಾರವಂದಿಗರು ರಜೆಯ ದಿನ ಮಕ್ಕಳೊಡನೆಯೂ ಆಡಿ ನೋಡಲಿ. ಬೇರೆ ಭಾಷೆಯ ಶಾಲೆಗೆ ಹೋಗುವ ಮಗುವನ್ನು ಕನ್ನಡ ಪುಸ್ತಕದ ಮುಂದೆ ಕೂರಿಸುವುದು ಕಷ್ಟ. ತಂದೆಯನ್ನು ಸೋಲಿಸುವ ಆಟಕ್ಕೆ ಅದು ಮೊಬೈಲನ್ನು ಕೆಳಗಿಟ್ಟು ತಾನಾಗಿಯೇ ಬಂದೀತು. ಸೋತ ತಂದೆಗೆ ಅದಕ್ಕಿಂತ ದೊಡ್ಡ ಲಾಭವುಂಟೆ?

ಒಗಟಿನ ಉತ್ತರ: ನಗರ. ಗರ, ನರ, ನಗ ಮೂರೂ ಅದರೊಳಗೇ ಇವೆ; ನಾವೆಲ್ಲರೂ ಹೊಟ್ಟೆಪಾಡಿಗಾಗಿ ಬಂದು ಸೇರಿದ್ದೂ ಅಲ್ಲಿಗೇ.