ನಾಮಫಲಕ ತಯಾರಿಕೆಯಲ್ಲಿ ಬಳಸುವ ರಾಸಾಯನಿಕಗಳು : ಅರ್ಜಿದಾರರಿಗೆ ಸುರಕ್ಷತಾ ಮಾಹಿತಿ

ನಾಮಫಲಕ ಹಾಗೂ ಜಾಹೀರಾತು ಫಲಕಗಳನ್ನು ತಯಾರಿಸುವ ಘಟಕಕ್ಕೆ ಉದ್ದಿಮೆ ಪರವಾನಗಿ ಕೋರಿ ಅರ್ಜಿ ಸಲ್ಲಿಸುವವರ ಮತ್ತು ಈಗಾಗಲೇ ಇಂತಹ ಘಟಕ ನಡೆಸುತ್ತಿರುವವರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ಒದಗಿಸಲಾಗಿದೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ತಿದ್ದುಪಡಿಯಾಗಿ, ನಾಮಫಲಕದ ಶೇಕಡ 60ರಷ್ಟು ಭಾಗ ಕನ್ನಡದಲ್ಲಿರಬೇಕೆಂದು ವಿಧಿಸಲಾಯಿತು. ಹಳೆಯ ಫಲಕಗಳನ್ನು ಕಳಚಿ ಹೊಸದಾಗಿ ಮಾಡಿಕೊಡುವ ಈ ಕೆಲಸವು ಬಹುಮಟ್ಟಿಗೆ ಸಣ್ಣ ಮಳಿಗೆಗಳಲ್ಲಿ ನಡೆಯುವಂಥದ್ದು. ನಾಲ್ಕೈದು ಮಂದಿ ದುಡಿಯುವ ಮಳಿಗೆಯು ಸಾಮಾನ್ಯವಾಗಿ ಕಾರ್ಖಾನೆ ಎಂಬ ವ್ಯಾಖ್ಯೆಯೊಳಗೆ ಬರುವುದಿಲ್ಲ. ಆದಕಾರಣ ದೊಡ್ಡ ಕಾರ್ಖಾನೆಗಳಲ್ಲಿರುವಂತಹ ಸುರಕ್ಷತಾ ಅಧಿಕಾರಿಯಾಗಲಿ, ನಿಯತಕಾಲಿಕ ವೈದ್ಯಕೀಯ ತಪಾಸಣೆಯಾಗಲಿ ಇಲ್ಲಿನ ಕೆಲಸಗಾರರಿಗೆ ದೊರೆಯುವುದು ಅಪರೂಪ. ಎಚ್ಚರಿಕೆಯ ಹೊಣೆಯು ಮಾಲೀಕರ ಮೇಲೆಯೇ ಬೀಳುತ್ತದೆ.

ಥಿನ್ನರ್ ಮತ್ತು ಅದರ ಆವಿ

ಎನಾಮೆಲ್ ಬಣ್ಣವನ್ನು ತೆಳುಗೊಳಿಸಲು ಬಳಸುವ ಅನೇಕ ಥಿನ್ನರ್‌ಗಳಲ್ಲಿ ಟಾಲೀನ್ ಪ್ರಧಾನ ಅಂಶವಾಗಿರುತ್ತದೆ. ಟಾಲೀನ್ 4 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಯೇ ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡುತ್ತದೆ. ಅಂದರೆ ನಮ್ಮ ನಾಡಿನ ಯಾವ ಋತುವಿನಲ್ಲಿಯೂ ತೆರೆದಿಟ್ಟ ಥಿನ್ನರ್ ಡಬ್ಬಿಯು ಬೆಂಕಿಗೆ ಸಿದ್ಧವಾಗಿಯೇ ಇರುತ್ತದೆ. ಈ ಆವಿಯು ಗಾಳಿಗಿಂತ ಮೂರು ಪಟ್ಟಿಗೂ ಹೆಚ್ಚು ಭಾರವಾದುದರಿಂದ ಮೇಲಕ್ಕೇರದೆ ನೆಲದ ಮಟ್ಟದಲ್ಲಿ ಹರಡುತ್ತದೆ; ಒಳಕೋಣೆಯ ಟೀ ಕಾಯಿಸುವ ಒಲೆಯವರೆಗೂ, ಹಿಂಬದಿಯಲ್ಲಿ ಕಬ್ಬಿಣದ ಚೌಕಟ್ಟನ್ನು ವೆಲ್ಡಿಂಗ್ ಮಾಡುವ ಜಾಗದವರೆಗೂ ಸಾಗಬಲ್ಲದು. ಅಲ್ಲಿ ಹೊತ್ತಿಕೊಂಡ ಬೆಂಕಿ ಆವಿಯ ಜಾಡಿನಲ್ಲಿಯೇ ಡಬ್ಬಿಯವರೆಗೆ ಹಿಂದಿರುಗುತ್ತದೆ.

ಚಾವಣಿಯ ಫ್ಯಾನ್ ಈ ಆವಿಯನ್ನು ಕೋಣೆಯೊಳಗೇ ಕಲಕುತ್ತದೆಯಷ್ಟೆ. ಬಾಗಿಲಿಗೆ ಎದುರಿನ ಗೋಡೆಯಲ್ಲಿ, ನೆಲಕ್ಕೆ ಸಮೀಪವಾಗಿ, ಗಾಳಿಯನ್ನು ಹೊರಕ್ಕೆ ಎಳೆಯುವ ಫ್ಯಾನ್ ಅಳವಡಿಸುವುದು ಸರಿಯಾದ ಕ್ರಮ. ಅದರ ಮೋಟಾರು ಕಿಡಿ ಹೊರಹೊಮ್ಮದ ಮಾದರಿಯದಾಗಿರಬೇಕು. ಮೂಗಿಗೆ ಕರವಸ್ತ್ರ ಕಟ್ಟಿಕೊಳ್ಳುವುದರಿಂದ ಧೂಳು ಸ್ವಲ್ಪಮಟ್ಟಿಗೆ ತಡೆಯಲ್ಪಡಬಹುದು, ಆವಿ ತಡೆಯಲ್ಪಡುವುದಿಲ್ಲ. ಆವಿಗೆ ಇದ್ದಿಲಿನ ಶೋಧಕವುಳ್ಳ ಮುಖಕವಚವೇ ಬೇಕು. ಆ ಶೋಧಕವನ್ನು ಕಾಲಕಾಲಕ್ಕೆ ಬದಲಾಯಿಸಬೇಕು.

ತಲೆನೋವು, ತಲೆಸುತ್ತು, ಮಂಪರು ಇವು ಟಾಲೀನ್ ಆವಿಯ ಮೊದಲ ಪರಿಣಾಮಗಳು. ಏಣಿಯ ಮೇಲೆ ನಿಂತು ಬಣ್ಣ ಬಳಿಯುವವರಿಗೆ ಇಷ್ಟೇ ಪ್ರಾಣಾಪಾಯಕ್ಕೆ ಸಾಕು. ವರ್ಷಗಟ್ಟಲೆ ಸೇವಿಸಿದಲ್ಲಿ ನರಮಂಡಲಕ್ಕೂ ಶ್ರವಣಶಕ್ತಿಗೂ ಹಾನಿಯಾಗುತ್ತದೆ. ಗರ್ಭಿಣಿಯರನ್ನು ಈ ಕೆಲಸಕ್ಕೆ ನಿಯೋಜಿಸಬಾರದು. ಕೆಲಸ ಮುಗಿದ ಬಳಿಕ ಕೈಯನ್ನು ಥಿನ್ನರ್‌ನಿಂದಲೇ ತೊಳೆಯುವ ರೂಢಿ ಎಲ್ಲೆಡೆ ಕಂಡುಬರುತ್ತದೆ. ಇದರಿಂದ ಚರ್ಮದ ಜಿಡ್ಡು ಕರಗಿ ಬಿರುಕು ಬಿಡುವುದಲ್ಲದೆ ದ್ರವವು ಚರ್ಮದ ಮೂಲಕ ದೇಹವನ್ನು ಸೇರುತ್ತದೆ. ಅಡುಗೆ ಎಣ್ಣೆ ಹಚ್ಚಿ ಒರೆಸಿ, ಸಾಬೂನಿನಿಂದ ತೊಳೆದರೆ ಹಸಿ ಎನಾಮೆಲ್ ಬಣ್ಣ ಹೋಗುತ್ತದೆ.

ಅಕ್ರಿಲಿಕ್ ಅಂಟಿಸುವ ದ್ರವ

ಅಕ್ರಿಲಿಕ್ ಅಕ್ಷರಗಳನ್ನು ಜೋಡಿಸಲು ಸಿರಿಂಜಿನಿಂದ ಹನಿಸುವ, ನೀರಿನಂತೆ ತಿಳಿಯಾದ ದ್ರವವು ಸಾಮಾನ್ಯವಾಗಿ ಕ್ಲೋರೋಫಾರ್ಮ್ ಅಥವಾ ಎಂ.ಡಿ.ಸಿ. ಎಂದು ಕರೆಯಲಾಗುವ ಡೈಕ್ಲೋರೋಮೀಥೇನ್ ಆಗಿರುತ್ತದೆ. ಇವು ಥಿನ್ನರ್‌ನಂತೆ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಹಾಗಾಗಿ ನಿರಪಾಯಕರವೆಂಬ ಭಾವನೆ ಕೆಲಸಗಾರರಲ್ಲಿ ಬೇರೂರಿದೆ. ಈ ಭಾವನೆ ಸರಿಯಲ್ಲ. ಮಳಿಗೆಯಲ್ಲಿರುವ ದ್ರವಗಳ ಪೈಕಿ ಅತ್ಯಂತ ಹೆಚ್ಚಿನ ಜಾಗ್ರತೆ ಬೇಡುವುದು ಇದೇ.

ಡೈಕ್ಲೋರೋಮೀಥೇನ್ ಸುಮಾರು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಬಳ್ಳಾರಿ, ರಾಯಚೂರು, ಕಲಬುರಗಿ ಕಡೆಯ ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗಿರುವ ಬಾಟಲಿಯು ಈ ಉಷ್ಣತೆಯನ್ನು ಮುಟ್ಟುವುದು ಕಷ್ಟವೇನಲ್ಲ. ಉಸಿರಿನೊಂದಿಗೆ ಒಳಹೋದ ಆವಿಯ ಒಂದು ಭಾಗವು ದೇಹದೊಳಗೆ ಕಾರ್ಬನ್ ಮಾನಾಕ್ಸೈಡ್ ಆಗಿ ಮಾರ್ಪಡುತ್ತದೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿದಾಗ ಜೀವ ತೆಗೆಯುವ ಅನಿಲವೇ ಇದು. ಕೆಲಸಗಾರನು ಮನೆಗೆ ಹೋದ ಮೇಲೆಯೂ ಕೆಲವು ಗಂಟೆಗಳ ಕಾಲ ಇದು ಉತ್ಪತ್ತಿಯಾಗುತ್ತಿರುವುದರಿಂದ ಹೃದ್ರೋಗವುಳ್ಳವರು ಈ ಕೆಲಸ ಮಾಡತಕ್ಕದ್ದಲ್ಲ. ವಾಸನೆ ಬಂದಾಗ ಎಚ್ಚರಗೊಂಡರಾಯಿತು ಎಂದು ನಂಬುವಂತಿಲ್ಲ: ಇದರ ವಾಸನೆ ಮೂಗಿಗೆ ತಿಳಿಯುವ ಹೊತ್ತಿಗೆ ಗಾಳಿಯಲ್ಲಿನ ಪ್ರಮಾಣವು ಸುರಕ್ಷಿತ ಮಿತಿಯನ್ನು ಮೀರಿರುತ್ತದೆ. ತೆಳುವಾದ ರಬ್ಬರ್ ಕೈಗವಸನ್ನು ಈ ದ್ರವವು ಕೆಲವೇ ನಿಮಿಷಗಳಲ್ಲಿ ಹಾಯ್ದುಹೋಗುತ್ತದೆ. ಇದ್ದಿಲಿನ ಶೋಧಕವೂ ಇದರ ಮುಂದೆ ಬೇಗ ನಿರುಪಯುಕ್ತವಾಗುತ್ತದೆ. ಕ್ಲೋರೋಫಾರ್ಮ್ 1847ರಿಂದ ಶಸ್ತ್ರಚಿಕಿತ್ಸೆಗೆ ಅರಿವಳಿಕೆಯಾಗಿ ಬಳಕೆಗೆ ಬಂದು, ಯಕೃತ್ತಿಗೂ ಹೃದಯಕ್ಕೂ ಮಾರಕವೆಂದು ಕಂಡುಬಂದುದರಿಂದ ವೈದ್ಯರೇ ಕೈಬಿಟ್ಟ ವಸ್ತುವೆಂಬುದನ್ನು ಇಲ್ಲಿ ನೆನಪಿಸಬಹುದು.

ಇವೆರಡರ ಆವಿಯು ಜ್ವಾಲೆಗೆ, ಕಾದ ಲೋಹಕ್ಕೆ ಅಥವಾ ವೆಲ್ಡಿಂಗ್ ಕಿಡಿಗೆ ಸೋಕಿದಾಗ ಫಾಸ್ಜೀನ್ ಎಂಬ ಅನಿಲ ಉಂಟಾಗುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಪ್ರಯೋಗಿಸಲಾದ ವಿಷಾನಿಲವಿದು. ಉಸಿರಾಡಿದ ತಕ್ಷಣ ಹೆಚ್ಚಿನ ತೊಂದರೆ ಕಾಣಿಸದೆ, ಹಲವು ಗಂಟೆಗಳ ತರುವಾಯ ಶ್ವಾಸಕೋಶದಲ್ಲಿ ನೀರು ತುಂಬಿ ಸಾವು ಸಂಭವಿಸಬಹುದು. ಚೌಕಟ್ಟಿನ ವೆಲ್ಡಿಂಗ್ ಮತ್ತು ಅಕ್ಷರದ ಅಂಟಿಸುವಿಕೆ ಒಂದೇ ಸೂರಿನಡಿ ನಡೆಯುವುದು ನಾಮಫಲಕ ಮಳಿಗೆಗಳ ವಿಶೇಷವಾದ್ದರಿಂದ, ಇವೆರಡನ್ನು ಏಕಕಾಲದಲ್ಲಿ ಎಂದಿಗೂ ಮಾಡಬಾರದು. ಸಾಧ್ಯವಿದ್ದಲ್ಲಿ ವೆಲ್ಡಿಂಗನ್ನು ಬಯಲಿಗೆ ಸ್ಥಳಾಂತರಿಸಬೇಕು. ಅಂಟಿಸುವ ಜಾಗದಲ್ಲಿ ಬೀಡಿ, ಸಿಗರೇಟು ಸೇದುವುದನ್ನು ಪೂರ್ಣವಾಗಿ ನಿಷೇಧಿಸಬೇಕು.

ಲೇಸರ್ ಯಂತ್ರ ಹಾಗೂ ಮುದ್ರಣ

ಅಕ್ರಿಲಿಕ್ ಹಾಳೆಯನ್ನು ಲೇಸರ್‌ನಿಂದ ಕತ್ತರಿಸಬಹುದು. ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಬಿಡಬೇಕು ಮತ್ತು ಯಂತ್ರವನ್ನು ಬಿಟ್ಟು ಕದಲಬಾರದು. ಸನ್‌ಬೋರ್ಡ್ ಎಂದು ಮಾರಾಟವಾಗುವ ಪಿ.ವಿ.ಸಿ. ಫೋಮ್ ಹಾಳೆ ಮತ್ತು ವಿನೈಲ್‌ಗಳನ್ನು ಮಾತ್ರ ಲೇಸರ್‌ಗೆ ಒಡ್ಡಕೂಡದು. ಅವುಗಳಿಂದ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊಮ್ಮಿ, ತೇವಾಂಶ ಸೇರಿದಾಗ ಆಮ್ಲವಾಗಿ ಕಣ್ಣು ಗಂಟಲುಗಳನ್ನು ಸುಡುತ್ತದೆ; ಯಂತ್ರದ ಲೋಹದ ಭಾಗಗಳನ್ನೂ ತಿನ್ನುತ್ತದೆ. ಹಾಳೆ ಯಾವುದೆಂದು ಸಂದೇಹವಿದ್ದಲ್ಲಿ, ಬಯಲಿನಲ್ಲಿ ತಾಮ್ರದ ತಂತಿಯನ್ನು ಕೆಂಪಗೆ ಕಾಯಿಸಿ ಹಾಳೆಯ ಚೂರಿಗೆ ಮುಟ್ಟಿಸಿ ಮತ್ತೆ ಜ್ವಾಲೆಗೆ ಹಿಡಿಯಬೇಕು. ಜ್ವಾಲೆ ಹಸಿರಾದರೆ ಅದರಲ್ಲಿ ಕ್ಲೋರಿನ್ ಇದೆ ಎಂದು ತಿಳಿಯತಕ್ಕದ್ದು.

ಪ್ಲಾಸ್ಟಿಕ್ ಫ್ಲೆಕ್ಸ್ ಮತ್ತು ಬ್ಯಾನರುಗಳು ರಾಜ್ಯದಲ್ಲಿ 2016ರ ಮಾರ್ಚ್ ತಿಂಗಳ ಅಧಿಸೂಚನೆಯಿಂದ ನಿಷೇಧಕ್ಕೊಳಪಟ್ಟಿವೆ. ವಿನೈಲ್ ಮೇಲಿನ ಮುದ್ರಣಕ್ಕೆ ದ್ರಾವಕ ಶಾಯಿ ಬಳಸುವವರು ಹೊಸದಾಗಿ ಮುದ್ರಿಸಿದ ಸುರುಳಿಗಳಿರುವ ಕೋಣೆಯಲ್ಲಿ ರಾತ್ರಿ ಯಾರನ್ನೂ ಮಲಗಿಸಬಾರದು.

ಹಳೆಯ ಬಣ್ಣದಲ್ಲಿನ ಸೀಸ

ಗೃಹೋಪಯೋಗಿ ಮತ್ತು ಅಲಂಕಾರಿಕ ಬಣ್ಣಗಳಲ್ಲಿ ಸೀಸದ ಪ್ರಮಾಣವು ದಶಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ಕೇಂದ್ರ ಸರ್ಕಾರದ 2016ರ ನಿಯಮಗಳು 2017ರ ನವೆಂಬರ್ 1ರಿಂದ ಜಾರಿಯಲ್ಲಿವೆ. ಕೈಗಾರಿಕಾ ಬಣ್ಣಗಳು ಈ ನಿಯಮಗಳ ವ್ಯಾಪ್ತಿಗೆ ಬರುವುದಿಲ್ಲ. ನಿಯಮ ಬರುವುದಕ್ಕೆ ಮೊದಲು ಬರೆಯಿಸಿದ ಫಲಕಗಳ ಹಳದಿ, ಕೆಂಪು ಬಣ್ಣಗಳಲ್ಲಿ ಸೀಸದ ಕ್ರೋಮೇಟ್ ಇರುವ ಸಂಭವ ಹೆಚ್ಚು. ಇಂತಹ ಫಲಕವನ್ನು ಒಣದಾಗಿ ಉಜ್ಜಿದರೆ ಸೀಸದ ಧೂಳು ಬಟ್ಟೆಯೊಡನೆ ಮನೆ ಸೇರಿ, ತೆವಳುವ ಮಗುವಿನ ಕೈಯಿಂದ ಬಾಯಿಗೆ ಹೋಗುತ್ತದೆ. ಮಕ್ಕಳ ಮೆದುಳಿನ ಬೆಳವಣಿಗೆಗೆ ಅತ್ಯಲ್ಪ ಸೀಸವೂ ಹಾನಿಕರ. ಆದುದರಿಂದ ಫಲಕವನ್ನು ನೀರು ಹಾಕಿ ಒದ್ದೆಯಾಗಿ ಉಜ್ಜಬೇಕು, ಬಣ್ಣವನ್ನು ಬೆಂಕಿಯಿಂದ ಸುಟ್ಟು ತೆಗೆಯಬಾರದು. ಕೆಲಸದ ಬಟ್ಟೆಯನ್ನು ಮಳಿಗೆಯಲ್ಲಿಯೇ ಬದಲಾಯಿಸಿ, ಪ್ರತ್ಯೇಕವಾಗಿ ಒಗೆಯಬೇಕು.

ದಾಸ್ತಾನು ಮತ್ತು ಖರೀದಿ

ಟಾಲೀನ್‌ನಂತಹ, 23 ಡಿಗ್ರಿಗಿಂತ ಕಡಿಮೆ ಉಷ್ಣತೆಯಲ್ಲಿ ಹೊತ್ತಿಕೊಳ್ಳುವ ಹೈಡ್ರೋಕಾರ್ಬನ್ ದ್ರವಗಳು 1934ರ ಪೆಟ್ರೋಲಿಯಂ ಅಧಿನಿಯಮದ 'ಎ' ವರ್ಗಕ್ಕೆ ಸೇರುತ್ತವೆ. ಮಾರಾಟಕ್ಕಲ್ಲದೆ ಸ್ವಂತ ಬಳಕೆಗಾಗಿ ಒಟ್ಟು 30 ಲೀಟರ್‌ವರೆಗೆ ಭದ್ರವಾಗಿ ಮುಚ್ಚಿದ ಪಾತ್ರೆಗಳಲ್ಲಿ ಇರಿಸಿಕೊಳ್ಳಲು ಪರವಾನಗಿ ಅಗತ್ಯವಿಲ್ಲ. ಲೋಹದ ಪಾತ್ರೆಯು 25 ಲೀಟರ್, ಗಾಜಿನದು 1 ಲೀಟರ್ ಮೀರಬಾರದು. ಅದಕ್ಕಿಂತ ಹೆಚ್ಚಿನ ದಾಸ್ತಾನು ಇರಿಸುವವರು ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆಯ ನಿಯಮಗಳನ್ನು ಪರಿಶೀಲಿಸಿಕೊಳ್ಳತಕ್ಕದ್ದು. ಉದ್ದಿಮೆ ಪರವಾನಗಿಯು ಇದಕ್ಕೆ ಬದಲಿಯಾಗುವುದಿಲ್ಲ.

ಖರೀದಿಸುವಾಗ ಪ್ರತಿಯೊಂದು ದ್ರವದ ಸುರಕ್ಷತಾ ಮಾಹಿತಿ ಪತ್ರವನ್ನು ಮಾರಾಟಗಾರರಿಂದ ಕೇಳಿ ಪಡೆಯಬೇಕು. ಹೆಸರುಪಟ್ಟಿಯಿಲ್ಲದ ಬಾಟಲಿಯಲ್ಲಿ ಬಿಡಿಯಾಗಿ ಸುರಿದುಕೊಡುವ ದ್ರವವನ್ನು ಕೊಳ್ಳದಿರುವುದೇ ಲೇಸು. ಥಿನ್ನರ್ ಅಥವಾ ಅಂಟು ದ್ರವವನ್ನು ಕುಡಿಯುವ ನೀರಿನ ಬಾಟಲಿಗೆ ಯಾವ ಕಾರಣಕ್ಕೂ ತುಂಬಿಡಬಾರದು. ಉಳಿದ ದ್ರವವನ್ನು ಚರಂಡಿಗೆ ಸುರಿಯುವಂತಿಲ್ಲ.

ತುರ್ತು ಸಂದರ್ಭದಲ್ಲಿ

ಆವಿಯಿಂದ ಪ್ರಜ್ಞೆ ತಪ್ಪಿದವರನ್ನು ಮೊದಲು ತೆರೆದ ಗಾಳಿಗೆ ಸಾಗಿಸಬೇಕು. ಮುಚ್ಚಿದ ಕೋಣೆಯಾಗಿದ್ದಲ್ಲಿ ಬಾಗಿಲು ಕಿಟಕಿಗಳನ್ನು ತೆರೆಯದೆ ಒಳನುಗ್ಗಬಾರದು. ರಕ್ಷಿಸಲು ಹೋದವರೂ ಅಲ್ಲಿಯೇ ಕುಸಿಯುವ ಅಪಾಯವಿದೆ. ವಿದ್ಯುತ್ ಸ್ವಿಚ್ಚನ್ನು ಮುಟ್ಟಬಾರದು. ಥಿನ್ನರ್ ಕುಡಿದವರಿಗೆ ವಾಂತಿ ಮಾಡಿಸಬಾರದು, ಏಕೆಂದರೆ ವಾಂತಿಯೊಡನೆ ದ್ರವವು ಶ್ವಾಸಕೋಶ ಸೇರಿದರೆ ಹಾನಿ ಇನ್ನಷ್ಟು ಹೆಚ್ಚುತ್ತದೆ. ಕಣ್ಣಿಗೆ ಸಿಡಿದಲ್ಲಿ ಕನಿಷ್ಠ 15 ನಿಮಿಷ ಶುದ್ಧ ನೀರಿನಿಂದ ತೊಳೆಯಬೇಕು. ಆಂಬ್ಯುಲೆನ್ಸ್‌ಗಾಗಿ 108, ಬೆಂಕಿ ಮತ್ತಿತರ ತುರ್ತು ನೆರವಿಗಾಗಿ 112 ಸಂಖ್ಯೆಗೆ ಕರೆ ಮಾಡಬೇಕು. ಆಸ್ಪತ್ರೆಗೆ ಹೋಗುವಾಗ ದ್ರವದ ಡಬ್ಬಿಯನ್ನು ಅಥವಾ ಅದರ ಸುರಕ್ಷತಾ ಮಾಹಿತಿ ಪತ್ರವನ್ನು ಜೊತೆಯಲ್ಲಿ ಕೊಂಡೊಯ್ದು ವೈದ್ಯರಿಗೆ ತೋರಿಸಬೇಕು.