ಹಳೆಯ ವ್ಯಾನಿಗೆ ತಂಪಾದ ಉಸಿರು

ಆಸ್ಟ್ರಿಯಾ ದೇಶದ ಆಲ್ಪ್ಸ್ ಪರ್ವತಗಳ ನಡುವೆ ಗ್ರೋಸ್‌ಗ್ಲಾಕ್ನರ್ ಎಂಬ ಪ್ರಸಿದ್ಧವಾದ ಘಟ್ಟದ ದಾರಿಯಿದೆ. 1935ರಲ್ಲಿ ಸಂಚಾರಕ್ಕೆ ತೆರೆದ ಈ ದಾರಿಯ ಉದ್ದ ಸುಮಾರು 48 ಕಿಲೋಮೀಟರು. ಅದರಲ್ಲಿ 36 ಹೇರ್‌ಪಿನ್ ತಿರುವುಗಳು. ಹಸುರು ಕಣಿವೆಯಲ್ಲಿ ಹೊರಟ ಪಯಣಿಗನು ಹಿಮದ ರಾಶಿಗಳ ಪಕ್ಕದಲ್ಲೇ ಹಾದು, ಸಮುದ್ರಮಟ್ಟದಿಂದ 2500 ಮೀಟರು ಎತ್ತರವನ್ನು ಮುಟ್ಟುತ್ತಾನೆ. ಬೇಸಗೆಯಲ್ಲಿ ಹೊಸ ಕಾರುಗಳು ಈ ಘಟ್ಟವನ್ನು ಲೀಲಾಜಾಲವಾಗಿ ಏರಿ ಹೋಗುತ್ತವೆ. ಅವುಗಳ ನಡುವೆ, ಎರಡನೆಯ ಗೇರಿನಲ್ಲಿ ಏದುಸಿರು ಬಿಡುತ್ತ, ಹಿಂದೆ ವಾಹನಗಳ ಸಾಲನ್ನೇ ಕಟ್ಟಿಕೊಂಡು ತೆವಳುವ ಪೆಟ್ಟಿಗೆಯಾಕಾರದ ಹಳೆಯ ವ್ಯಾನೊಂದು ಒಮ್ಮೊಮ್ಮೆ ಕಣ್ಣಿಗೆ ಬೀಳುವುದುಂಟು.

ಜರ್ಮನಿಯ ಫೋಕ್ಸ್‌ವ್ಯಾಗನ್ ಕಾರ್ಖಾನೆ 1979ರಿಂದ ತಯಾರಿಸಿದ ಮೂರನೆಯ ತಲೆಮಾರಿನ ಟ್ರಾನ್ಸ್‌ಪೋರ್ಟರ್ ವಾಹನ ಅದು. ಅಭಿಮಾನಿಗಳ ಬಾಯಲ್ಲಿ ಅದರ ಹೆಸರು 'ಟಿ3'. ಇವುಗಳಲ್ಲಿ ಅನೇಕವು ಹಾಸಿಗೆ, ಒಲೆ, ನೀರಿನ ತೊಟ್ಟಿ, ಕಪಾಟುಗಳನ್ನು ಹೊತ್ತ ಸಂಚಾರಿ ಮನೆಗಳು. ಸಂಸಾರ ಹೂಡಿದ ಇಂಥ ವ್ಯಾನಿನ ತೂಕ ಎರಡು ಟನ್ನಿನ ಸಮೀಪಕ್ಕೆ ಹೋಗುತ್ತದೆ. ಎಂಜಿನ್ನಿರುವುದು ಹಿಂಭಾಗದಲ್ಲಿ. 1980ರ ದಶಕದ ಮಧ್ಯದಲ್ಲಿ ಇದಕ್ಕೆ ಟರ್ಬೊ ಡೀಸೆಲ್ ಎಂಜಿನ್ ಬಂದಿತು. ಅದರ ಗಾತ್ರ 1588 ಘನ ಸೆಂಟಿಮೀಟರು. ಬಲ 70 ಅಶ್ವಶಕ್ತಿ. ಟರ್ಬೊ ಇಲ್ಲದ ಅದರ ಅಣ್ಣನಿಗೆ ಇದ್ದದ್ದು 50 ಮಾತ್ರ. ಅಂದಿಗೆ ಅದು ದೊಡ್ಡ ಜಿಗಿತವೇ ಸರಿ. ಆದರೆ ಎರಡು ಟನ್ನು ಹೊತ್ತು ಘಟ್ಟವೇರಲು 70 ಅಶ್ವಶಕ್ತಿ ಎಷ್ಟರ ಮಾತು?

ವೇಗ ಕಡಿಮೆಯಾಯಿತೆಂಬುದು ಇಲ್ಲಿ ಚಿಕ್ಕ ದುಃಖ. ದೊಡ್ಡ ಭಯ ಬೇರೆಯಿದೆ. ಅರ್ಧ ಗಂಟೆಯ ಕಾಲ ಪೂರ್ಣ ಬಲದಿಂದ ದುಡಿಯುವ ಚಿಕ್ಕ ಎಂಜಿನ್ನಿನ ಒಡಲಲ್ಲಿ ಶಾಖ ಏರುತ್ತಲೇ ಹೋಗುತ್ತದೆ. ಆ ಶಾಖಕ್ಕೆ ಮೊದಲು ಬಲಿಯಾಗುವುದು ಅಲ್ಯೂಮಿನಿಯಂ ಮಿಶ್ರಲೋಹದ ಸಿಲಿಂಡರ್ ಹೆಡ್ಡು. ಅದರಲ್ಲಿ ಬಿರುಕು ಬಿಟ್ಟರೆ ಪ್ರವಾಸ ಅಲ್ಲಿಗೇ ಮುಗಿಯಿತು. ಮೂರು ದಶಕಗಳಿಗೂ ಮೀರಿ ಜತನದಿಂದ ಸಾಕಿಕೊಂಡು ಬಂದ ವಾಹನದ ಆಯುಷ್ಯವೇ ಮುಗಿದರೂ ಮುಗಿದೀತು. ಆದ್ದರಿಂದಲೇ ಈ ವ್ಯಾನುಗಳ ಒಡೆಯರಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ತಲೆಯೆತ್ತುತ್ತದೆ: 'ಇದಕ್ಕೊಂದು ಇಂಟರ್‌ಕೂಲರ್ ಕೂಡಿಸಿದರೆ ಹೇಗೆ?'

ಹೊಗೆಯ ಬಲದ ತಿದಿ

ಕಮ್ಮಾರನ ಕುಲುಮೆಯನ್ನು ಕಂಡವರಿಗೆ ಟರ್ಬೊ ಎಂದರೇನೆಂದು ವಿವರಿಸುವುದು ಸುಲಭ. ಇದ್ದಿಲು ಎಷ್ಟೇ ಇರಲಿ, ತಿದಿಯೊತ್ತದೆ ಬೆಂಕಿ ಕೆರಳದು. ಎಂಜಿನ್ನಿನಲ್ಲಿಯೂ ಹೀಗೆಯೇ. ಸಿಲಿಂಡರಿನೊಳಗೆ ಹೆಚ್ಚು ಗಾಳಿ ಹೊಕ್ಕರೆ ಹೆಚ್ಚು ಡೀಸೆಲ್ ಉರಿದೀತು. ಹೆಚ್ಚು ಡೀಸೆಲ್ ಉರಿದರೆ ಹೆಚ್ಚು ಬಲ ಬಂದೀತು. ಈ ತಿದಿಯನ್ನು ಒತ್ತಲು ಪ್ರತ್ಯೇಕ ಆಳು ಬೇಡ, ಹೊರಗೆ ವ್ಯರ್ಥವಾಗಿ ಹೋಗುವ ಹೊಗೆಯೇ ಸಾಕು ಎಂಬುದನ್ನು ಕಂಡುಕೊಂಡವನು ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್‌ಫ್ರೆಡ್ ಬ್ಯೂಖಿ. 1905ರಲ್ಲಿ ಆತ ತನ್ನ ಕಲ್ಪನೆಗೆ ಪೇಟೆಂಟ್ ಕೋರಿದ. ಅದು ಎಂಜಿನ್ನಿನಲ್ಲಿ ಫಲಿಸಲು ಇಪ್ಪತ್ತು ವರ್ಷ ಹಿಡಿಯಿತು: 1925ರ ವೇಳೆಗೆ ಡೀಸೆಲ್ ಎಂಜಿನ್ನಿನ ಬಲವನ್ನು ಶೇಕಡ 40ರಷ್ಟು ಏರಿಸಿ ತೋರಿಸಿದ.

ಟರ್ಬೊದಲ್ಲಿರುವುದು ಒಂದೇ ದಂಡಕ್ಕೆ ಕೂಡಿಸಿದ ಎರಡು ಚಕ್ರಗಳು. ಒಂದನ್ನು ಹೊಗೆ ತಿರುಗಿಸುತ್ತದೆ. ಇನ್ನೊಂದು ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ. ಚಿಕ್ಕ ಟರ್ಬೊಗಳು ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತವೆ.

ಬಿಸಿ ಗಾಳಿಯ ಮೋಸ

ಇಷ್ಟರಲ್ಲಿಯೇ ಎಲ್ಲವೂ ಸರಿಹೋಗಿದ್ದರೆ ಇಂಟರ್‌ಕೂಲರಿನ ಮಾತೇ ಏಳುತ್ತಿರಲಿಲ್ಲ. ಸೈಕಲ್ಲಿಗೆ ಗಾಳಿ ಹೊಡೆದ ಹುಡುಗನು ಪಂಪಿನ ತುದಿಯನ್ನು ಮುಟ್ಟಿ ಕೈ ಹಿಂದೆಗೆದುಕೊಳ್ಳುವುದನ್ನು ಯಾರು ತಾನೆ ಕಂಡಿಲ್ಲ? ಗಾಳಿಯನ್ನು ಒತ್ತಿದರೆ ಅದು ಬಿಸಿಯೇರುತ್ತದೆ. ಬಿಸಿಯೇರಿದ ಗಾಳಿ ಹಿಗ್ಗಲು ಹವಣಿಸುತ್ತದೆ. ಹೀಗಾಗಿ ಟರ್ಬೊ ಒಂದು ಕೈಯಲ್ಲಿ ಕೊಟ್ಟದ್ದರಲ್ಲಿ ಒಂದಂಶವನ್ನು ಇನ್ನೊಂದು ಕೈಯಿಂದ ಕಿತ್ತುಕೊಳ್ಳುತ್ತದೆ.

ಲೆಕ್ಕ ಹಾಕಿ ನೋಡಬಹುದು. ಹೊರಗಿನ ಗಾಳಿ 30 ಡಿಗ್ರಿ ಸೆಂಟಿಗ್ರೇಡ್ ಇರಲಿ. ಟರ್ಬೊ ಅದನ್ನು ವಾಯುಮಂಡಲದ ಒತ್ತಡಕ್ಕಿಂತ 0.7 ಬಾರ್ ಹೆಚ್ಚಾಗಿ ಒತ್ತಲಿ. ಸಾಧಾರಣ ಟರ್ಬೊದಿಂದ ಹೊರಬರುವ ಗಾಳಿಯ ಉಷ್ಣತೆ ಆಗ 100 ಡಿಗ್ರಿ ದಾಟಿರುತ್ತದೆ. ಒತ್ತಡ ಶೇಕಡ 70ರಷ್ಟು ಏರಿತೆಂದು ಒತ್ತಡಮಾಪಕ ಸಾರುತ್ತಿದ್ದರೂ ನಿಜವಾಗಿ ಹೆಚ್ಚಾದ ಗಾಳಿ ಶೇಕಡ 35ರ ಆಸುಪಾಸು ಮಾತ್ರ! ಅದೇ ಗಾಳಿಯನ್ನು ಎಂಜಿನ್ನು ಹೊಗುವ ಮುನ್ನ 50 ಡಿಗ್ರಿಗೆ ಇಳಿಸಿದರೆ, ದಾರಿಯಲ್ಲಿ ತುಸು ಒತ್ತಡ ಸೋರಿಹೋದರೂ, ಆ ಹೆಚ್ಚಳ ಶೇಕಡ 55ನ್ನು ಮುಟ್ಟುತ್ತದೆ.

ಹೀಗೆ ಗಾಳಿಯನ್ನು ತಣಿಸುವ ಸಾಧನವೇ ಇಂಟರ್‌ಕೂಲರ್. ನೋಟಕ್ಕೆ ಅದು ರೇಡಿಯೇಟರಿನ ತಮ್ಮ. ರೇಡಿಯೇಟರಿನ ಕೊಳವೆಗಳಲ್ಲಿ ನೀರು ಹರಿದರೆ ಇದರ ಕೊಳವೆಗಳಲ್ಲಿ ಬಿಸಿ ಗಾಳಿ ಹರಿಯುತ್ತದೆ. ಹೊರಗಿನ ತಂಗಾಳಿ ಅದರ ಶಾಖವನ್ನು ಒಯ್ಯುತ್ತದೆ. ಕರ್ನಾಟಕದ ಹೆದ್ದಾರಿಗಳಲ್ಲಿ ಓಡುವ ಈಚಿನ ಡೀಸೆಲ್ ಲಾರಿ, ಬಸ್ಸುಗಳಲ್ಲಿ ಇದು ಕಾರ್ಖಾನೆಯಿಂದಲೇ ಬರುತ್ತದೆ. ಟಿ3 ವ್ಯಾನಿನ ಟರ್ಬೊ ಡೀಸೆಲ್ಲಿಗೆ ಮಾತ್ರ ಆ ಭಾಗ್ಯವಿರಲಿಲ್ಲ. ಇದೇ ಮನೆತನದ 1.6 ಲೀಟರ್ ಎಂಜಿನ್ನಿಗೆ 1989ರಲ್ಲಿ ಗಾಲ್ಫ್ ಕಾರಿನಲ್ಲಿ ಕಾರ್ಖಾನೆಯವರೇ ಇಂಟರ್‌ಕೂಲರ್ ಜೋಡಿಸಿದರು; ಬಲ 80 ಅಶ್ವಶಕ್ತಿಗೆ ಏರಿತು. ಹಳೆಯ ವ್ಯಾನಿನ ಒಡೆಯರ ಆಸೆಗೆ ನೀರೆರೆದದ್ದು ಈ ಉದಾಹರಣೆಯೇ.

ಎಲ್ಲಿ ಕೂಡಿಸುವುದು?

ಆದರೆ ಕಾರಿನ ಮಾತು ಬೇರೆ, ವ್ಯಾನಿನ ಮಾತು ಬೇರೆ. ಕಾರಿನ ಎಂಜಿನ್ನು ಮುಂದಿದೆ. ಓಡುವಾಗ ಗಾಳಿ ತಾನಾಗಿ ಬಂದು ಎದೆಗೆ ಅಪ್ಪಳಿಸುತ್ತದೆ. ಟಿ3ಯ ಎಂಜಿನ್ನು ಹಿಂದಿನ ನೆಲದ ಕೆಳಗೆ, ಒಂದು ಮಗ್ಗುಲಿಗೆ ಒರಗಿ ಮಲಗಿದೆ. ಅಲ್ಲಿ ಗಾಳಿಯ ಸಂಚಾರ ಕಡಿಮೆ, ಸೆಕೆ ಹೆಚ್ಚು. ಜಾಗವಿದೆಯೆಂದು ಬಿಸಿ ಎಂಜಿನ್ನಿನ ಮೇಲೆಯೇ ಇಂಟರ್‌ಕೂಲರನ್ನು ಕೂಡಿಸಿದರೆ, ಅದು ತಣಿಸುವುದಿರಲಿ, ಘಟ್ಟದಲ್ಲಿ ನಿಧಾನವಾಗಿ ಸಾಗುವಾಗ ತಾನೇ ಕಾದು ಗಾಳಿಗೆ ಶಾಖ ಕೊಡುವ ಒಲೆಯಾಗುತ್ತದೆ.

ಅನುಭವಿಗಳು ಹಿಡಿದಿರುವ ದಾರಿಗಳು ಮುಖ್ಯವಾಗಿ ಮೂರು. ವ್ಯಾನಿನ ಹಿಂಬದಿಯ ಮೂಲೆಗಳಲ್ಲಿ, ಕಿಟಕಿಯ ಪಕ್ಕ, ಗಾಳಿ ಸೇದುವ ಕಿಂಡಿಗಳಿವೆ. ಅವುಗಳ ಒಳಗೆ ಚಿಕ್ಕ ಇಂಟರ್‌ಕೂಲರನ್ನಿಟ್ಟು ವಿದ್ಯುತ್ ಫ್ಯಾನು ಜೋಡಿಸುವುದು ಒಂದು. ವಾಹನದ ಹೊಟ್ಟೆಯ ಕೆಳಗೆ ಅದನ್ನು ತೂಗುಹಾಕಿ, ತಗಡಿನ ದೋಣಿಯಿಂದ ಗಾಳಿಯನ್ನು ಅದರತ್ತ ತಿರುಗಿಸುವುದು ಎರಡನೆಯದು. ಇಲ್ಲಿ ಕಲ್ಲು, ಕೆಸರುಗಳ ಕಾಟ ತಪ್ಪದು. ಗಾಳಿಯನ್ನು ನೀರಿನಿಂದ ತಣಿಸಿ, ಆ ನೀರನ್ನು ಪಂಪಿನ ಮೂಲಕ ಮುಂಭಾಗದ ಪುಟ್ಟ ರೇಡಿಯೇಟರಿಗೆ ಕಳುಹಿಸುವುದು ಮೂರನೆಯದು. ಗುಣದಲ್ಲಿ ಮೇಲಾದರೂ ಖರ್ಚು, ತೊಡಕು ಎರಡೂ ಹೆಚ್ಚು.

ದೊಡ್ಡದು ತಂದರೆ ಒಳ್ಳೆಯದೆಂಬ ಭ್ರಮೆಯೂ ಸಲ್ಲದು. ಇಂಟರ್‌ಕೂಲರೂ ಕೊಳವೆಗಳೂ ಅತಿಯಾದರೆ, ಅಷ್ಟು ಜಾಗವನ್ನು ತುಂಬುವವರೆಗೆ ಎಂಜಿನ್ನು ಕಾಯಬೇಕಾಗುತ್ತದೆ. ಗುಜರಿಯಿಂದ ಹಳೆಯದನ್ನು ತರುವವರು ಅದರ ಒಳಗನ್ನು ಚೆನ್ನಾಗಿ ತೊಳೆಯಬೇಕು. ಹಿಂದಿನ ವಾಹನದ ಟರ್ಬೊ ಒಡೆದಿದ್ದರೆ ಲೋಹದ ಚೂರುಗಳು ಅದರಲ್ಲಿ ಅಡಗಿರಬಹುದು. ಒಂದು ಚೂರು ಎಂಜಿನ್ನಿನೊಳಗೆ ಬಿದ್ದರೂ ಪಟ್ಟ ಶ್ರಮವೆಲ್ಲ ಮಣ್ಣುಪಾಲು.

ಆಸೆಯ ತಿರುಪು

ಇಷ್ಟೆಲ್ಲ ಮಾಡಿ ಮೊದಲ ಸಲ ವ್ಯಾನನ್ನು ಓಡಿಸಿದ ಒಡೆಯನಿಗೆ ನಿರಾಸೆಯಾಗುವುದು ಸಹಜ. ಬಲ ಹೆಚ್ಚಾದಂತೆ ತೋರುವುದೇ ಇಲ್ಲ! ಕಾರಣ ಸರಳವಾಗಿದೆ. ಗಾಳಿ ಹೆಚ್ಚಾಯಿತು ನಿಜ, ಡೀಸೆಲ್ ಹೆಚ್ಚಾಗಲಿಲ್ಲ. ಈ ಎಂಜಿನ್ನಿನ ಇಂಜೆಕ್ಷನ್ ಪಂಪು ಗಾಳಿಯ ಒತ್ತಡವನ್ನು ಮಾತ್ರ ಬಲ್ಲದು, ಅದರ ತಂಪನ್ನು ಅರಿಯದು. ತಿದಿ ಚೆನ್ನಾಗಿ ಒತ್ತಿದರೂ ಕುಲುಮೆಗೆ ಇದ್ದಿಲು ಮೊದಲಿನಷ್ಟೇ.

ಹಾಗಾದರೆ ಲಾಭವೇನೂ ಇಲ್ಲವೆ? ಇದೆ, ಅದು ಕಣ್ಣಿಗೆ ಕಾಣದ ಲಾಭ. ಎಂಜಿನ್ನು ಹೊಗುವ ಗಾಳಿ ಎಷ್ಟು ಡಿಗ್ರಿ ತಣಿಯಿತೋ, ಹೊರಬರುವ ಹೊಗೆಯೂ ಹೆಚ್ಚುಕಡಮೆ ಅಷ್ಟಾದರೂ ತಣಿಯುತ್ತದೆ. ಡೀಸೆಲ್ ಪೂರ್ಣವಾಗಿ ಉರಿದು ಕಪ್ಪು ಹೊಗೆ ಇಳಿಯುತ್ತದೆ. ಪಿಸ್ಟನ್ನು, ಹೆಡ್ಡು, ಟರ್ಬೊ ಎಲ್ಲಕ್ಕೂ ಶಾಖದ ಹೊರೆ ತಗ್ಗುತ್ತದೆ. ಘಟ್ಟದ ತುದಿಯಲ್ಲಿ ಇದರ ಬೆಲೆ ಇನ್ನೂ ಹೆಚ್ಚು; ಏಕೆಂದರೆ 2500 ಮೀಟರು ಎತ್ತರದಲ್ಲಿ ವಾಯುಮಂಡಲದ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಪಾಲಿಗೆ ಇಳಿದಿರುತ್ತದೆ.

ಆದರೆ ಮನುಷ್ಯನ ಮನಸ್ಸು ಕಾಣದ ಲಾಭಕ್ಕೆ ಒಲಿಯುವುದು ಅಪರೂಪ. ಪಂಪಿನ ಮೇಲೆ ಡೀಸೆಲ್ ಹೆಚ್ಚಿಸುವ ತಿರುಪೊಂದಿದೆ. ತುಸು ತಿರುಗಿಸಿದರೆ ಸಾಕು, ವ್ಯಾನು ಹುರುಪಿನಿಂದ ಮುನ್ನುಗ್ಗುತ್ತದೆ. ಇನ್ನೂ ತುಸು, ಮತ್ತೂ ತುಸು! ಇಂಟರ್‌ಕೂಲರ್ ಉಳಿಸಿಕೊಟ್ಟ ಶಾಖವೆಲ್ಲ ಹೀಗೆ ಮರಳಿ ಬರುತ್ತದೆ. ಕೆಲವೊಮ್ಮೆ ಮೊದಲಿಗಿಂತ ಹೆಚ್ಚಾಗಿಯೇ ಬರುತ್ತದೆ. ಹೆಡ್ಡನ್ನು ಕಾಪಾಡಲೆಂದು ತೊಡಗಿದ ಕೆಲಸ ಹೆಡ್ಡನ್ನೇ ಸುಡುವುದರಲ್ಲಿ ಮುಗಿಯುತ್ತದೆ.

ಆದ್ದರಿಂದ ಬಲ್ಲವರು ಇಂಟರ್‌ಕೂಲರಿಗಿಂತ ಮೊದಲು ಕೊಳ್ಳುವುದು ಹೊಗೆಯ ಉಷ್ಣತೆಯನ್ನು ಅಳೆಯುವ ಮಾಪಕವನ್ನು. ಟರ್ಬೊಗೆ ಮುಂಚೆ, ಹೊಗೆ ಹೊರಬೀಳುವ ಕಡೆ, ಅದರ ಕಡ್ಡಿಯನ್ನು ಕೂಡಿಸುತ್ತಾರೆ. ಲೋಹದ ಚೂರು ಟರ್ಬೊದೊಳಕ್ಕೆ ಹೋಗದಂತೆ, ಆ ಭಾಗವನ್ನು ಕಳಚಿಯೇ ರಂಧ್ರ ಕೊರೆಯುತ್ತಾರೆ. ಏರುದಾರಿಯಲ್ಲಿ ಮುಳ್ಳು 700 ಡಿಗ್ರಿಯ ಆಸುಪಾಸಿಗೆ ಬಂದು ನಿಂತರೆ ಕಾಲನ್ನು ಹಗುರ ಮಾಡುತ್ತಾರೆ. ತಿರುಪನ್ನು ಮುಟ್ಟುವುದಾದರೆ ಎಲ್ಲಕ್ಕೂ ಕೊನೆಗೆ, ಅದೂ ಮುಳ್ಳಿನ ಅಪ್ಪಣೆ ಪಡೆದು. ಜರ್ಮನಿಯಂಥ ದೇಶಗಳಲ್ಲಿ ಬಲ ಹೆಚ್ಚಿಸುವ ಮಾರ್ಪಾಡನ್ನು ತಜ್ಞರಿಗೆ ತೋರಿಸಿ ವಾಹನದ ಕಾಗದಗಳಲ್ಲಿ ಬರೆಸಬೇಕೆಂಬ ಕಟ್ಟಳೆಯೂ ಇದೆ. ಭಾರತದಲ್ಲಿ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರ ಮೂಲ ವಿವರಗಳನ್ನು ಮೀರಿದ ಬದಲಾವಣೆಗಳಿಗೆ ಅಡ್ಡ ನಿಲ್ಲುತ್ತದೆ.

ಮುದಿ ಎತ್ತಿಗೆ ನೆರಳು, ನೀರು ತೋರಿಸುವ ರೈತನಿದ್ದಾನೆ; ನೀರು ಕುಡಿದು ಚೇತರಿಸಿಕೊಂಡಿತೆಂದು ಒಡನೆಯೇ ಇನ್ನೆರಡು ಮೂಟೆ ಹೇರುವ ರೈತನೂ ಇದ್ದಾನೆ. ಹಳೆಯ ವ್ಯಾನಿಗೆ ಇಂಟರ್‌ಕೂಲರ್ ಕೂಡಿಸುವವನು ತಾನು ಇವರಲ್ಲಿ ಯಾರೆಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಮೊದಲನೆಯವನಾದರೆ ಆತನ ವ್ಯಾನು ಗ್ರೋಸ್‌ಗ್ಲಾಕ್ನರಿನ ತಿರುವುಗಳನ್ನು ಹೆಚ್ಚುಕಡಮೆ ಹಿಂದಿನ ವೇಗದಲ್ಲೇ ಏರೀತು. ಆದರೆ ಘಟ್ಟದ ತುದಿಯಲ್ಲಿ ಬಂಡಿ ನಿಲ್ಲಿಸಿ, ಒಲೆ ಹಚ್ಚಿ ಕಾಫಿಗೆ ನೀರಿಡುವಾಗ, ಇಳಿದು ಮನೆ ಸೇರುವ ಬಗ್ಗೆ ಆತನಿಗೆ ಅಳುಕಿರುವುದಿಲ್ಲ.