ಮುಚ್ಚಿದ ಅಂಗನವಾಡಿಯ ಲೆಕ್ಕ

ಕರ್ನಾಟಕದ ಒಂದೊಂದು ಅಂಗನವಾಡಿಯ ಹೊಸ್ತಿಲಲ್ಲೂ ಒಂದೇ ನಿಮಿಷ ನಿಂತು ಬರೋಣ ಎಂದು ಹೊರಡಿ. ದಾರಿ ಸವೆಸಿದ ಹೊತ್ತು ಬೇಡ, ನಿಂತ ನಿಮಿಷಗಳನ್ನಷ್ಟೇ ಕೂಡಿದರೂ 45 ಹಗಲು, 45 ರಾತ್ರಿ ಕಳೆದಿರುತ್ತವೆ. 2020ರಲ್ಲಿ ನಮ್ಮ ರಾಜ್ಯದಲ್ಲಿದ್ದದ್ದು 65,911 ಅಂಗನವಾಡಿ. ದೇಶದಲ್ಲಿ ಸುಮಾರು 14 ಲಕ್ಷ. ಅವನ್ನೆಲ್ಲ ಹೀಗೇ ನೋಡಿ ಮುಗಿಸಲು ಎರಡೂವರೆ ವರ್ಷವೂ ಸಾಲದು.

1975ರ ಅಕ್ಟೋಬರ್ 2ರಂದು ಇಡೀ ದೇಶದಲ್ಲಿ 33 ಕಡೆ ಮಾತ್ರ ಅಂಗನವಾಡಿಯ ಕೆಲಸ ಶುರುವಾಯಿತು. ಅದರಲ್ಲಿ ಒಂದು ನಮ್ಮ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಲ್ಲಿ ಆಗ ಇದ್ದದ್ದು 100 ಕೇಂದ್ರ. ಕಾವೇರಿ-ಕಪಿಲೆ ಕೂಡುವ ಆ ಊರಿನ 100 ಈಗ ರಾಜ್ಯದಲ್ಲಿ ಆರೂವರೆ ನೂರು ಪಟ್ಟಿಗಿಂತಲೂ ಹೆಚ್ಚಾಗಿದೆ.

2020ರ ಮಾರ್ಚ್‌ನಲ್ಲಿ ಕೊರೊನಾದಿಂದಾಗಿ ಇಷ್ಟೂ ಬಾಗಿಲುಗಳಿಗೆ ಬೀಗ ಬಿತ್ತು. ಆದರೆ ಹಸಿವಿಗೆ ಬೀಗ ಹಾಕಲಾಗುತ್ತದೆಯೇ? ಮಾರ್ಚ್ 18ರಂದು ಸುಪ್ರೀಂ ಕೋರ್ಟ್ ತಾನಾಗಿಯೇ ಈ ವಿಷಯ ಕೈಗೆತ್ತಿಕೊಂಡು, ಶಾಲೆ-ಅಂಗನವಾಡಿ ಮುಚ್ಚಿದರೆ ಮಕ್ಕಳ ಊಟದ ಗತಿಯೇನು ಎಂದು ರಾಜ್ಯಗಳನ್ನು ಕೇಳಿತು. ಮೂರು ವರ್ಷದೊಳಗಿನ ಮಕ್ಕಳ ಪಾಲು ಮೊದಲಿನಿಂದಲೂ ಮನೆಗೇ ಹೋಗುತ್ತಿತ್ತು. ಈಗ ಮೂರರಿಂದ ಆರು ವರ್ಷದವರ ಬಿಸಿಯೂಟವೂ, ನಮ್ಮಲ್ಲಿ 2017ರಿಂದ ಗರ್ಭಿಣಿಯರು, ಬಾಣಂತಿಯರು ಅಂಗನವಾಡಿಗೇ ಬಂದು ಉಣ್ಣುತ್ತಿದ್ದ ಮಾತೃಪೂರ್ಣದ ಊಟವೂ ದಿನಸಿಯಾಗಿ ಮನೆಬಾಗಿಲಿಗೆ ಹೋಗಬೇಕಾಯಿತು.

ಎಷ್ಟು ಮಂದಿಗೆ? ದೇಶದಲ್ಲಿ ಮಕ್ಕಳು, ತಾಯಂದಿರು ಸೇರಿ ಸುಮಾರು 8 ಕೋಟಿ. ತಲೆಗೆ ದಿನಕ್ಕೊಂದು ಹಿಡಿ, 50 ಗ್ರಾಂ ಮಾತ್ರ ಎಂದಿಟ್ಟುಕೊಳ್ಳಿ. 8 ಕೋಟಿ ಹಿಡಿ ಎಂದರೆ 4,000 ಟನ್; 10 ಟನ್ ಹೊರುವ 400 ಲಾರಿ. ಅದು ಒಂದು ದಿನದ ಬಾಬತ್ತು. ವರ್ಷಕ್ಕೆ 300 ದಿನ ಆಹಾರ ಕೊಡಬೇಕೆಂಬುದು ನಿಯಮ. ಅಲ್ಲಿಗೆ 1,20,000 ಲಾರಿ. ಒಂದರ ಹಿಂದೊಂದು ನಿಲ್ಲಿಸಿದರೆ ಆ ಸಾಲು ಬೆಂಗಳೂರಿನಿಂದ ಹೊರಟು ಮುಂಬಯಿ ದಾಟಿ ಹೋಗುತ್ತದೆ.

ಇಷ್ಟಕ್ಕೆಲ್ಲ ಒಂದು ಮಗುವಿಗೆ ದಿನಕ್ಕೆ ನಿಗದಿಯಾಗಿದ್ದ ಹಣ 8 ರೂಪಾಯಿ. ಅಷ್ಟರಲ್ಲೇ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನ್ ಹೊಂದಿಸಬೇಕು. 8 ಕೋಟಿ ಜನಕ್ಕೆ ಆ 8 ರೂಪಾಯಿಯೇ ದಿನಕ್ಕೆ 64 ಕೋಟಿ ಆಗುತ್ತದೆ. ಸರ್ಕಾರದ ಖಜಾನೆಯಿಂದ ನೋಡಿದರೆ ಬೆಟ್ಟ, ತಟ್ಟೆಯ ಮುಂದೆ ಕೂತು ನೋಡಿದರೆ ಚಿಟಿಕೆ.

ಈಗ 8 ಕೋಟಿಯನ್ನು 14 ಲಕ್ಷದಿಂದ ಭಾಗಿಸಿ. 57 ಬರುತ್ತದೆ. ಒಬ್ಬ ಟೀಚರು, ಒಬ್ಬ ಸಹಾಯಕಿ, 57 ಹೆಸರು. ಅಷ್ಟು ದೊಡ್ಡ ಲೆಕ್ಕ ಕೊನೆಗೆ ಬಂದು ನಿಲ್ಲುವುದು ಒಂದು ಹಾಜರಿ ಪುಸ್ತಕದಲ್ಲಿ. ನಮ್ಮೂರಿನ ಟೀಚರು, ಮಕ್ಕಳನ್ನು ತೂಗಲು ತೊಲೆಗೆ ನೇತುಹಾಕಿದ್ದ ತಕ್ಕಡಿಯಲ್ಲೇ ಬೇಳೆ, ಬೆಲ್ಲ ತೂಗಿ ಪೊಟ್ಟಣ ಕಟ್ಟುತ್ತಿದ್ದರು. ಮೊಟ್ಟೆಗಳನ್ನು ಭತ್ತದ ಹೊಟ್ಟು ಹಾಕಿದ ಬುಟ್ಟಿಯಲ್ಲಿಟ್ಟು, ಸೆರಗನ್ನೇ ಮೂಗಿಗೆ ಕಟ್ಟಿಕೊಂಡು ತೋಟದ ಮನೆಗಳತ್ತ ನಡೆಯುತ್ತಿದ್ದರು. ಅದೇ ದಿನಗಳಲ್ಲಿ ಮನೆಮನೆಯ ಕೊರೊನಾ ಸಮೀಕ್ಷೆಯೂ ಅವರ ಪಾಲಿಗೇ ಬಂತು. ಇವರಿಗೆ ಗೌರವಧನವೆಂದು ಕೇಂದ್ರ ನಿಗದಿ ಮಾಡಿದ್ದು ತಿಂಗಳಿಗೆ 4,500 ರೂಪಾಯಿ, ಸಹಾಯಕಿಗೆ 2,250. ಅದರ ಮೇಲೆ ರಾಜ್ಯ ಕೊಟ್ಟಷ್ಟು.

ಇಷ್ಟು ಮಾಡಿಯೂ ಮನೆಗೆ ತಲುಪಿಸಲಾಗದೆ ಉಳಿದದ್ದು ಒಂದಿತ್ತು. ಅಕ್ಕಿ ಹೋಯಿತು, ಬೇಳೆ ಹೋಯಿತು; ಅಂಗನವಾಡಿ ಹೋಗಲಿಲ್ಲ. ಕೂಲಿಗೆ ಹೊರಟ ತಾಯಿ ನಂಬಿ ಮಗುವನ್ನು ಬಿಟ್ಟು ಹೋಗುತ್ತಿದ್ದ ಜಾಗ, ಜೊತೆ ಮಕ್ಕಳು, ಹಾಡು, ಮಧ್ಯಾಹ್ನದ ನಿದ್ದೆ ಯಾವ ಪೊಟ್ಟಣದಲ್ಲೂ ಹಿಡಿಯಲಿಲ್ಲ. ಕರ್ನಾಟಕದಲ್ಲಿ ಮಕ್ಕಳು ಮತ್ತೆ ಒಳಗೆ ಕಾಲಿಟ್ಟದ್ದು 2021ರ ನವೆಂಬರ್ 8ರಂದು. ಹೆಚ್ಚುಕಡಿಮೆ 20 ತಿಂಗಳು. ಮೂರು ತುಂಬಿ ಸೇರಿ ಆರಕ್ಕೆ ಬಿಡುವ ಮಗುವಿಗೆ ಅಂಗನವಾಡಿಯ ಆಯಸ್ಸೇ 36 ತಿಂಗಳು.

ದಿನಕ್ಕೆ ನಾಲ್ಕೇ ಗಂಟೆ, ತಿಂಗಳಿಗೆ 25 ದಿನ ಎಂದು ಕೈಬಿಗಿ ಹಿಡಿದು ಎಣಿಸಿದರೂ ಒಂದು ಮಗು ಕಳೆದುಕೊಂಡದ್ದು 2,000 ಗಂಟೆ. ಕೇಂದ್ರಕ್ಕೆ 20 ಮಕ್ಕಳೆಂದರೆ ರಾಜ್ಯದಲ್ಲಿ 263 ಕೋಟಿ ಗಂಟೆ. ಅದನ್ನು ವರ್ಷಕ್ಕಿಳಿಸಿದೆ, ನನ್ನ ಪೆನ್ನು ನಿಂತಿತು. 3 ಲಕ್ಷ ವರ್ಷ. ಮನುಷ್ಯ ಕುಲ ಈ ಭೂಮಿಯ ಮೇಲೆ ಬದುಕಿರುವುದು ಸುಮಾರು ಅಷ್ಟೇ ಕಾಲ.

ಅಷ್ಟೂ ಗಂಟೆ ಆ ಮಕ್ಕಳನ್ನು ಯಾರೋ ನೋಡಿಕೊಂಡಿದ್ದಾರೆ: ಕೂಲಿ ಬಿಟ್ಟ ತಾಯಿ, ಮಂಡಿ ನೋವಿನ ಅಜ್ಜಿ, ತಾನೇ ಶಾಲೆಗೆ ಹೋಗಬೇಕಿದ್ದ ಎಂಟು ವರ್ಷದ ಅಕ್ಕ. ಅಕ್ಕಿ-ಬೇಳೆಗೆ ರಿಜಿಸ್ಟರಿನಲ್ಲಿ ಸಹಿ ಇದೆ. ಈ ಗಂಟೆಗಳಿಗೆ ಒಂದು ಕಾಲಂ ಕೂಡ ಇರಲಿಲ್ಲ. ಇನ್ನೊಮ್ಮೆ ಬೀಗ ಹಾಕುವ ಕಾಲ ಬಂದರೆ, ಮೊದಲು ಆ ಕಾಲಂನ ಗೆರೆ ಎಳೆಯೋಣ.